ಹಬಶಿ ವೀರ ಮಲಿಕ್ ಅಂಬರ್

ದಖ್ಖನ್ನಿನ ಚರಿತ್ರೆಯನ್ನು ಓದಿದವರಿಗೆ ಮಲಿಕ್ ಅಂಬರನ ಹೆಸರು ಹೊಸದಲ್ಲ. ಅಹಮದನಗರದ ನಿಜಾಮಶಾಹಿಯ ಮುಖ್ಯಮಂತ್ರಿ, ಕಾಲು ಶತಮಾನದ ಕಾಲ ಮೊಗಲರನ್ನು ತಡೆದು ನಿಲ್ಲಿಸಿದ ವೀರ ಎಂದು ಒಂದೆರಡು ಸಾಲು ಬರೆದು ಪರೀಕ್ಷೆಯಲ್ಲಿ ಅಂಕ ಗಳಿಸಿದವರು ನಮ್ಮಲ್ಲಿ ಅನೇಕರಿರಬಹುದು. ನಾನೂ ಗಳಿಸಿದ್ದೇನೆ. ಆದರೆ ಆತನು ಎಲ್ಲಿಂದ ಬಂದನು, ಏಕೆ ಬಂದನು, ಆತನನ್ನು ಹೆತ್ತ ನಾಡು ಎಂಥದು ಎಂದು ಯಾರಾದರೂ ಕೇಳಿದರೆ ನಮ್ಮ ಉತ್ತರವು ಹಬಶಿ ಎಂಬ ಒಂದೇ ಮಾತಿಗೆ ನಿಂತುಬಿಡುತ್ತದೆ. ಆಫ್ರಿಕದ ವಿಷಯದಲ್ಲಿ ಶಾಲೆಯ ದಿನಗಳಿಂದ ನನ್ನ ತಲೆಯಲ್ಲಿ ಉಳಿದುದು ಇಷ್ಟು: ವಾಸ್ಕೋ ಡ ಗಾಮನು ಅದನ್ನು ಸುತ್ತಿ ಹಾಕಿಕೊಂಡು 1498ರಲ್ಲಿ ಕಲ್ಲಿಕೋಟೆಗೆ ಬಂದನು, 1893ರಲ್ಲಿ ಗಾಂಧೀಜಿಯವರನ್ನು ಅಲ್ಲಿ ರೈಲಿನಿಂದ ಕೆಳಗಿಳಿಸಿದರು. ಮೊದಲನೆಯ ಪಾಠದಲ್ಲಿ ಒಂದು ಖಂಡವೇ ದಾರಿಯ ತಿರುವಾಯಿತು, ಎರಡನೆಯದರಲ್ಲಿ ರೈಲ್ವೆ ನಿಲ್ದಾಣವಾಯಿತು. ಹಡಗು ಹಾದುಹೋದ ಆ ತೀರದಲ್ಲಿ ಊರುಗಳಿದ್ದುವೇ, ಅರಸರಿದ್ದರೇ, ಲಿಪಿಯಿತ್ತೇ, ನಾಣ್ಯವಿತ್ತೇ ಎಂದು ಕೇಳುವ ಬುದ್ಧಿ ಅಂದು ಯಾರಿಗೂ ಬರಲಿಲ್ಲ.

ಎಲ್ಲವೂ ಇದ್ದುವು. ಇಂದು ಇಥಿಯೋಪಿಯಾ ಎನ್ನಿಸಿಕೊಳ್ಳುವ ನಾಡಿನಲ್ಲಿ ಆಕ್ಸುಮ್ ಎಂಬ ರಾಜ್ಯವು ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿಯೇ ತನ್ನ ಹೆಸರಿನಲ್ಲಿ ಚಿನ್ನದ ನಾಣ್ಯವನ್ನು ಹೊಡೆಸಿ ಕೆಂಪು ಸಮುದ್ರದ ವ್ಯಾಪಾರವನ್ನು ಆಳುತ್ತಿತ್ತು. ಗೀಜ್ ಎಂಬ ಲಿಪಿಯು ಅಲ್ಲಿ ಬೆಳೆಯಿತು. ಲಾಲಿಬೆಲಾ ಎಂಬ ಊರಿನಲ್ಲಿ ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕೊರೆದು ಇಡೀ ಇಗರ್ಜಿಗಳನ್ನೇ ಕಡೆದು ನಿಲ್ಲಿಸಿದರು. ಎಲ್ಲೋರದ ಕೈಲಾಸವನ್ನು ಕಡೆಸಿದ ರಾಷ್ಟ್ರಕೂಟರ ನಾಡಿನವರಾದ ನಾವು ಆ ಕೆಲಸದ ಬೆಲೆಯನ್ನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ. ಇನ್ನು ನಮ್ಮ ಕೋಲಾರದ ಮಾತು. ನಾವು ದಿನವೂ ಮುದ್ದೆ ಮಾಡಿ ಉಣ್ಣುವ ರಾಗಿಯು ಪೂರ್ವ ಆಫ್ರಿಕದ ಎತ್ತರದ ಭೂಮಿಯಲ್ಲಿ ಮೊದಲು ಬೇಸಾಯಕ್ಕೆ ಒಳಪಟ್ಟು, ಸಾವಿರಾರು ವರ್ಷಗಳ ಹಿಂದೆ ಸಮುದ್ರ ದಾಟಿ ಇಲ್ಲಿಗೆ ಬಂದ ಧಾನ್ಯ. ಜೋಳವೂ ಆ ಖಂಡದ್ದೇ. ಸಾರಿಗೆ ಹಿಂಡುವ ಹುಣಿಸೆಯ ಮೂಲವೂ ಅಲ್ಲಿಯದೇ. ಬಂಗಾರಪೇಟೆಯ ಸಂತೆಯಲ್ಲಿ ರಾಗಿ, ಹುಣಿಸೆಗಳನ್ನು ಚೌಕಾಸಿ ಮಾಡಿ ಕೊಳ್ಳುವ ನಮ್ಮ ತಾಯಂದಿರು ಆಫ್ರಿಕದೊಡನೆ ಎಂದಿನಿಂದಲೋ ವ್ಯವಹಾರ ಇಟ್ಟುಕೊಂಡಿದ್ದಾರೆ. ಪುಸ್ತಕಗಳಿಗೆ ಮಾತ್ರ ಅದು ಗೊತ್ತಿಲ್ಲ.

ಪೀಠಿಕೆ ಸಾಕು. ಅಂಬರನ ಬಾಳಿಗೆ ಬರೋಣ.

ಆತನು ಹುಟ್ಟಿದುದು ಸುಮಾರು 1548ರಲ್ಲಿ, ಇಥಿಯೋಪಿಯಾದಲ್ಲಿ. ಹೆತ್ತವರು ಇಟ್ಟ ಹೆಸರು ಚಾಪು. ಆ ಕಾಲದಲ್ಲಿ ಅಲ್ಲಿಯ ಕ್ರೈಸ್ತ ಅರಸರಿಗೂ ಸುತ್ತಣ ಮುಸಲ್ಮಾನ ಸುಲ್ತಾನರಿಗೂ ನಡೆದ ದೀರ್ಘ ಯುದ್ಧಗಳಿಂದ ನಾಡು ಜರ್ಜರಿತವಾಗಿತ್ತು. ಗೆದ್ದವರು, ಸೋತವರು, ನಡುವಣ ವ್ಯಾಪಾರಿಗಳು ಎಲ್ಲರೂ ಮನುಷ್ಯರನ್ನು ಹಿಡಿದು ಮಾರುತ್ತಿದ್ದರು. ಗಡಿನಾಡಿನ ಬುಡಕಟ್ಟುಗಳ ಮಕ್ಕಳು ಹೆಚ್ಚಾಗಿ ಬಲಿಯಾದರು. ಹೀಗೆ ಮಾರಿದುದಕ್ಕೆ ಬದಲಾಗಿ ಅಲ್ಲಿಗೆ ಹೋಗುತ್ತಿದ್ದ ಸರಕುಗಳಲ್ಲಿ ನಮ್ಮ ಹಿಂದೂಸ್ಥಾನದ ಹತ್ತಿಬಟ್ಟೆಯೂ ಒಂದು. ನಮ್ಮ ಮಗ್ಗದ ಬಟ್ಟೆಗೆ ಎಲ್ಲೋ ಒಂದು ಕಡೆ ಮಗುವೊಂದು ಬೆಲೆಯಾಯಿತೆಂದು ನೆನೆದರೆ ಮನಸ್ಸು ಮುದುಡುತ್ತದೆ. ಈ ಕಥೆಯಲ್ಲಿ ನಾವು ಬರಿಯ ಪ್ರೇಕ್ಷಕರಲ್ಲ.

ಚಾಪು ಎಂಬ ಹುಡುಗನು ಕೈಯಿಂದ ಕೈಗೆ ದಾಟಿ ಅರಬ್ಬಿ ತೀರದ ಮೋಕಾ ಬಂದರಿಗೆ ಬಂದನು. ಅಲ್ಲಿಯ ಸಂತೆಯಲ್ಲಿ ಆತನಿಗೆ ಬಂದ ಬೆಲೆ ಎಂಬತ್ತು ಗಿಲ್ಡರ್ ಎಂದು, ಮುಂದೆ ಅಂಬರನನ್ನು ಕಣ್ಣಾರೆ ಕಂಡ ಡಚ್ ವರ್ತಕ ಪೀಟರ್ ವಾನ್ ಡೆನ್ ಬ್ರೂಕ್ ಬರೆದಿಟ್ಟಿದ್ದಾನೆ. ಬಾಬಾಬುಡನ್ ಎಂಬ ಸಂತನು ಯೆಮನ್ ದೇಶದಿಂದ ಕಾಫಿಯ ಬೀಜಗಳನ್ನು ಬಚ್ಚಿಟ್ಟು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟನೆಂಬ ಕಥೆ ನಮಗೆ ಬಾಯಿಪಾಠ. ಮೋಕಾ ಇರುವುದು ಆ ಯೆಮನ್ ದೇಶದಲ್ಲಿಯೇ. ಕಾಫಿಯ ಬೀಜ ಬಂದ ದಾರಿಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದಕ್ಕಿಂತ ನೂರು ವರ್ಷ ಮೊದಲೇ ಅದೇ ಸಮುದ್ರವನ್ನು ದಾಟಿ ಬಂದ ಹುಡುಗನ ದಾರಿಯನ್ನು ಹೇಳಿಕೊಡುವುದಿಲ್ಲ.

ಮೋಕಾದಿಂದ ಹುಡುಗನು ಬಾಗ್ದಾದಿನ ವರ್ತಕನಾದ ಮೀರ್ ಕಾಸಿಂ ಎಂಬುವನ ಕೈ ಸೇರಿದನು. ಈತನು ಹುಡುಗನ ಬುದ್ಧಿಯ ಚುರುಕನ್ನು ಗುರುತಿಸಿ, ಇಸ್ಲಾಂ ಮತಕ್ಕೆ ಸೇರಿಸಿ, ಅಂಬರ್ ಎಂದು ಹೆಸರಿಟ್ಟು, ಓದುಬರಹ ಕಲಿಸಿದನು. ತನ್ನದಲ್ಲದ ಊರಿನಲ್ಲಿ, ತನ್ನದಲ್ಲದ ಹೆಸರು ಹೊತ್ತು, ತನ್ನದಲ್ಲದ ಭಾಷೆಯಲ್ಲಿ ಕಲಿತ ಆ ವಿದ್ಯೆ ಆತನ ಮುಂದಿನ ಎಲ್ಲ ಏಳಿಗೆಗೂ ತಳಹದಿಯಾಯಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗನಾದುದರಿಂದಲೋ ಏನೋ, ಅಂಬರನ ಜೀವನದಲ್ಲಿ ಯುದ್ಧಗಳಿಗಿಂತ ಈ ಭಾಗವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುತ್ತದೆ. ಆದರೂ ಒಂದು ಮಾತನ್ನು ಮರೆಯಬಾರದು. ಅಕ್ಷರ ಕಲಿಸಿದ ಒಡೆಯನು ಒಡೆಯನೇ. ಆ ಕಲಿಕೆಯಿಂದ ಮಾರಾಟದಲ್ಲಿ ಹುಡುಗನ ಬೆಲೆ ಏರಿತು.

1570ರ ಸುಮಾರಿನ ವರ್ಷಗಳಲ್ಲಿ ಆತನನ್ನು ದಖ್ಖನ್ನಿಗೆ ತಂದು ಅಹಮದನಗರದ ಪೇಶ್ವೆ ಚಂಗೀಜ್ ಖಾನನಿಗೆ ಮಾರಿದರು. ಸ್ವಾರಸ್ಯವೇನೆಂದರೆ, ಕೊಂಡ ಈ ಪೇಶ್ವೆಯೂ ಒಂದು ಕಾಲದಲ್ಲಿ ಗುಲಾಮನಾಗಿ ಬಂದ ಹಬಶಿಯೇ! ಆತನ ಬಳಿ ಇಂಥ ಸಾವಿರ ಮಂದಿ ಇದ್ದರು. ಅಮೆರಿಕದ ಹತ್ತಿಯ ಹೊಲಗಳಲ್ಲಿ ತಲೆತಲಾಂತರವಾಗಿ ದುಡಿದು ಸತ್ತ ಗುಲಾಮರ ಕಥೆಗೂ ಇದಕ್ಕೂ ವ್ಯತ್ಯಾಸವಿದೆ. ಇಲ್ಲಿಯ ಸುಲ್ತಾನರಿಗೆ ಸ್ಥಳೀಯ ಬಂಧುಬಳಗವಿಲ್ಲದ, ಒಡೆಯನನ್ನೇ ನೆಚ್ಚಿದ ಯೋಧರು ಬೇಕಾಗಿದ್ದರು. ಒಡೆಯನು ಸತ್ತರೆ ಗುಲಾಮನು ಸಾಮಾನ್ಯವಾಗಿ ಸ್ವತಂತ್ರನಾಗುತ್ತಿದ್ದನು, ಕುದುರೆ ಕತ್ತಿಗಳಿದ್ದರೆ ಸರದಾರನೂ ಆಗುತ್ತಿದ್ದನು. ದೆಹಲಿಯಲ್ಲಿ ರಜಿಯಾಳ ಕಾಲದ ಯಾಕೂತ್, ಹದಿನೈದನೆಯ ಶತಮಾನದ ಕೊನೆಯಲ್ಲಿ ಕೆಲವು ವರ್ಷ ಬಂಗಾಳವನ್ನೇ ಆಳಿದ ಹಬಶಿ ಸುಲ್ತಾನರು, ನಮ್ಮ ವಿಜಾಪುರದಲ್ಲಿ 1580ರ ದಶಕದಲ್ಲಿ ಬಾಲಕ ಸುಲ್ತಾನನ ಹೆಸರಿನಲ್ಲಿ ರಾಜ್ಯವಾಳಿದ ದಿಲಾವರ್ ಖಾನ್, ಮುಂದೆ ಅಲ್ಲಿಯೇ ಮಂತ್ರಿಯಾದ ಇಖ್ಲಾಸ್ ಖಾನ್ ಎಲ್ಲರೂ ಈ ಸಾಲಿನವರು. ಬೀದರಿನ ಹೊರಗೆ ಹಬಶಿ ಕೋಟ್ ಎಂಬ ಗುಡ್ಡವೇ ಇದೆ. ಅದರ ಮೇಲೆ ಅವರ ಗೋರಿಗಳಿವೆ. ಕರ್ನಾಟಕದ ನೆಲದಲ್ಲಿ ಇಷ್ಟು ಗುರುತು ಬಿಟ್ಟುಹೋದ ಜನರನ್ನು ನಾವು ಪರಕೀಯರ ಪಟ್ಟಿಗೆ ಸೇರಿಸಿ ಕೈತೊಳೆದುಕೊಂಡಿದ್ದೇವೆ.

ಕೊಂಡ ಕೆಲವೇ ವರ್ಷಗಳಲ್ಲಿ ಚಂಗೀಜ್ ಖಾನನು ತೀರಿಕೊಂಡನು. ಆತನ ವಿಧವೆಯು ಅಂಬರನಿಗೆ ಬಿಡುಗಡೆ ಕೊಟ್ಟಳು. ಆತನು ಮದುವೆಯಾದನು. ಅನಂತರದ ಇಪ್ಪತ್ತು ವರ್ಷ ಆತನು ಕೂಲಿಯ ಸೈನಿಕ. ಕೆಲಕಾಲ ವಿಜಾಪುರದ ಸುಲ್ತಾನನ ಸೇವೆಯಲ್ಲಿದ್ದು ಅಲ್ಲಿ ಮಲಿಕ್ ಎಂಬ ಬಿರುದು ಪಡೆದನು. ಅಂದರೆ ನಾವಿಂದು ಕರೆಯುವ ಹೆಸರಿನ ಉತ್ತರಾರ್ಧ ಬಾಗ್ದಾದಿನದು, ಪೂರ್ವಾರ್ಧ ಕರ್ನಾಟಕದ್ದು. ಅಲ್ಲಿ ಸಾಕಷ್ಟು ಮನ್ನಣೆ ದೊರೆಯದೆ 1595ರ ಹೊತ್ತಿಗೆ ಅಹಮದನಗರಕ್ಕೆ ಹಿಂದಿರುಗಿ ಅಭಂಗ್ ಖಾನನೆಂಬ ಮತ್ತೊಬ್ಬ ಹಬಶಿ ಸರದಾರನ ಕೈಕೆಳಗೆ ಸೇರಿದನು. ಆಗ ಆತನಿಗೆ ನಲವತ್ತೇಳು ವರ್ಷ, ಕೈಕೆಳಗೆ ನೂರೈವತ್ತು ಕುದುರೆ. ಬೇರೆಯವರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ ಅಂಬರನ ಜೀವನವು ಆರಂಭವಾಯಿತು.

ಅದೇ ವರ್ಷ ಅಕ್ಬರನ ಮಗ ಮುರಾದನ ಸೈನ್ಯ ಅಹಮದನಗರಕ್ಕೆ ಮುತ್ತಿಗೆ ಹಾಕಿತು. ಚಾಂದಬೀಬಿಯು ಒಡೆದ ಕೋಟೆಯ ಗೋಡೆಯ ಬಳಿ ತಾನೇ ನಿಂತು ಕಾದ ವೃತ್ತಾಂತವು ಎಲ್ಲರಿಗೂ ತಿಳಿದದ್ದೇ. ವಿಜಾಪುರದ ಸೊಸೆಯಾಗಿದ್ದ ಆಕೆಯನ್ನು ಕನ್ನಡಿಗರು ತಮ್ಮವಳೆಂದೇ ಭಾವಿಸುತ್ತಾರೆ. 1600ರಲ್ಲಿ ಆಕೆ ತನ್ನವರ ಕೈಯಿಂದಲೇ ಹತಳಾದಳು, ಕೋಟೆ ಬಿತ್ತು, ಬಾಲಕ ಸುಲ್ತಾನನನ್ನು ಗ್ವಾಲಿಯರಿನ ಸೆರೆಗೆ ಕಳುಹಿಸಿದರು. ನಿಜಾಮಶಾಹಿ ಮುಗಿಯಿತೆಂದು ಮೊಗಲರು ತಿಳಿದರು. ಆದರೆ ಬಿದ್ದುದು ರಾಜಧಾನಿ ಮಾತ್ರ. ಹಳ್ಳಿಗಾಡು, ಬೆಟ್ಟದ ಕೋಟೆಗಳು, ಒಡೆಯನಿಲ್ಲದೆ ಅಲೆಯುತ್ತಿದ್ದ ಸಾವಿರಾರು ರಾವುತರು ಹಾಗೆಯೇ ಉಳಿದಿದ್ದರು. ಅಂಬರನು ಇವರನ್ನು ಒಟ್ಟುಗೂಡಿಸಿದನು. ನೂರೈವತ್ತು ಕುದುರೆ ಮೂರು ಸಾವಿರವಾಯಿತು, ಏಳು ಸಾವಿರವಾಯಿತು. ರಾಜವಂಶದ ತರುಣನೊಬ್ಬನನ್ನು ಹುಡುಕಿ ತಂದು ಪರಂಡಾ ಕೋಟೆಯಲ್ಲಿ ಎರಡನೆಯ ಮುರ್ತಜಾ ನಿಜಾಮಶಾಹನೆಂದು ಪಟ್ಟಕಟ್ಟಿ, ತನ್ನ ಮಗಳನ್ನೇ ಆತನಿಗೆ ಮದುವೆ ಮಾಡಿಕೊಟ್ಟು, ತಾನು ಪೇಶ್ವೆಯಾದನು. ಮಾರಾಟವಾದ ಹುಡುಗನು ಸುಲ್ತಾನನ ಮಾವನಾದನು.

ರಾಜೂ ದಖನಿ ಎಂಬ ಪ್ರತಿಸ್ಪರ್ಧಿಯೊಡನೆ ಕೆಲವು ವರ್ಷ ಹೋರಾಡಿ ಅವನನ್ನು ಅಡಗಿಸಿದುದು, ಜುನ್ನರಿಗೆ ರಾಜಧಾನಿಯನ್ನು ತಂದುದು, ಇವನ್ನೆಲ್ಲ ಬಿಡುತ್ತೇನೆ. ಆತನು ಮೊಗಲರನ್ನು ಎದುರಿಸಿದ ಬಗೆಯನ್ನು ಮಾತ್ರ ವಿವರವಾಗಿ ಹೇಳಬೇಕು. ಮೊಗಲರ ಸೈನ್ಯವೆಂದರೆ ಚಲಿಸುವ ಪಟ್ಟಣ; ಆನೆ, ಒಂಟೆ, ಫಿರಂಗಿ, ಡೇರೆ, ಅಂಗಡಿಬೀದಿ. ಅದು ದಿನಕ್ಕೆ ಕೆಲವೇ ಹರಿದಾರಿ ನಡೆಯಬಲ್ಲದು, ಮೇವು ನೀರು ಬಂದರೆ ಮಾತ್ರ ಬದುಕಬಲ್ಲದು. ಬಯಲಿನಲ್ಲಿ ಎದೆಗೆ ಎದೆ ಕೊಟ್ಟು ಇದನ್ನು ಗೆಲ್ಲಲಾಗದೆಂದು ಅಂಬರನು ಕಂಡುಕೊಂಡನು. ಹಗುರ ಕುದುರೆಯ ಮರಾಠಾ ರಾವುತರನ್ನು ಮುಂದಿಟ್ಟು, ಧಾನ್ಯದ ಬಂಡಿಗಳನ್ನು ದಾರಿಯಲ್ಲಿ ತಡೆದು, ಮೇವನ್ನು ಸುಟ್ಟು, ರಾತ್ರಿ ಪಾಳೆಯದ ಅಂಚಿಗೆ ಬಿದ್ದು ಬೆಳಗಾಗುವ ಮುನ್ನ ಘಟ್ಟದಲ್ಲಿ ಮರೆಯಾಗುತ್ತಿದ್ದನು. ಗೆರಿಲ್ಲಾ ಯುದ್ಧವೆಂದು ಈಗ ಕರೆಯುವ ಈ ರೀತಿಗೆ ಆಗ ಬರ್ಗಿಗಿರಿ ಎಂದು ಹೆಸರು. ಅಂಬರನೇ ಇದನ್ನು ಹುಟ್ಟಿಸಿದನೆನ್ನುವುದು ಸರಿಯಲ್ಲ, ದಖ್ಖನ್ನಿನ ರಾವುತರಿಗೆ ಅದು ಮೊದಲೇ ಅಭ್ಯಾಸವಾಗಿತ್ತು. ಅದನ್ನು ಒಂದು ರಾಜ್ಯದ ನೀತಿಯಾಗಿ ಮಾಡಿದವನು ಮಾತ್ರ ಆತನೇ. 1610ರ ಹೊತ್ತಿಗೆ ಆತನ ಬಳಿ ಹತ್ತು ಸಾವಿರ ಹಬಶಿಗಳೂ ನಲವತ್ತು ಸಾವಿರ ದಖನಿಗಳೂ ಇದ್ದರೆಂದು ವಿಲಿಯಂ ಫಿಂಚ್ ಎಂಬ ಇಂಗ್ಲಿಷ್ ವರ್ತಕನು ಬರೆದಿದ್ದಾನೆ. ಆ ದಖನಿಗಳಲ್ಲಿ ಹೆಚ್ಚಿನವರು ಮರಾಠರು.

ಜಹಾಂಗೀರನು ಸೇನಾಪತಿಯ ಮೇಲೆ ಸೇನಾಪತಿಯನ್ನು ಕಳುಹಿಸಿದನು. ಕವಿಯೂ ಆಗಿದ್ದ ಖಾನ್‌ಖಾನಾನ್ ಅಬ್ದುಲ್ ರಹೀಮನು ಬಂದು ಹೆಸರು ಕೆಡಿಸಿಕೊಂಡನು. 1611ರಲ್ಲಿ ಅಬ್ದುಲ್ಲಾ ಖಾನನು ಗುಜರಾತಿನ ಕಡೆಯಿಂದ ನುಗ್ಗಿ, ಪೆಟ್ಟು ತಿಂದು ಓಡಿದನು. ಸೋಲುಗಳಿಂದ ರೇಗಿದ ಬಾದಶಹನು ತನ್ನ ಆತ್ಮಕಥೆಯಲ್ಲಿ ಅಂಬರನನ್ನು ಮೈಬಣ್ಣ ಹಿಡಿದು ಹೀಯಾಳಿಸುವಷ್ಟರ ಮಟ್ಟಿಗೆ ಇಳಿದನು. ಅಷ್ಟು ಸಾಲದೆ ಅಬುಲ್ ಹಸನನೆಂಬ ಆಸ್ಥಾನದ ಚಿತ್ರಕಾರನಿಂದ ಒಂದು ಚಿತ್ರವನ್ನು ಬರೆಯಿಸಿದನು: ಜಹಾಂಗೀರನು ಭೂಗೋಲದ ಮೇಲೆ ನಿಂತು, ಭರ್ಜಿಯ ತುದಿಗೆ ಸಿಕ್ಕಿಸಿದ ಅಂಬರನ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ, ರುಂಡದ ಬಳಿ ಗೂಬೆ. ಈ ಚಿತ್ರವು ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಜಗತ್ತಿನಲ್ಲೇ ಅತ್ಯಂತ ಶ್ರೀಮಂತನಾದ ಅರಸನು ನಿಜವಾಗಿ ಕಡಿಯಲಾಗದ ತಲೆಯನ್ನು ಕಾಗದದ ಮೇಲೆ ಕಡಿದು ಸಮಾಧಾನಪಟ್ಟುಕೊಂಡನು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಮುಖಾಮುಖಿ ಕಾಣಲಿಲ್ಲ.

ಸೋಲು ಆತನಿಗೂ ಬಂದಿತು. 1616ರಲ್ಲಿ ಹಲವು ಸರದಾರರು ಮೊಗಲರ ಹಣಕ್ಕೆ ಮನಸೋತು ಬಿಟ್ಟುಹೋದ ಮೇಲೆ ರೋಶನಗಾಂವಿನ ಬಳಿ ಸೋತನು; ಆತನ ಹೊಸ ನಗರ ಖಡ್ಕಿಯನ್ನು ಶತ್ರುಗಳು ಹಾಳುಗೆಡವಿದರು. ಮರುವರ್ಷ ರಾಜಕುಮಾರ ಖುರ್ರಮನು ಬಂದು ಒಪ್ಪಂದ ಮಾಡಿಸಿದನು. ಆ ಯಶಸ್ಸಿಗಾಗಿಯೇ ತಂದೆಯಿಂದ ಷಹಜಹಾನ್ ಎಂಬ ಬಿರುದು ಪಡೆದನು. ತಾಜಮಹಲನ್ನು ಕಟ್ಟಿಸಿದವನ ಹೆಸರಿನ ಹಿಂದೆಯೂ ನಮ್ಮ ಹಬಶಿಯಿದ್ದಾನೆ! ಆದರೆ ಮೊಗಲರ ಬೆನ್ನು ತಿರುಗಿದೊಡನೆ ಬಿಟ್ಟುಕೊಟ್ಟ ನಾಡೆಲ್ಲ ಮತ್ತೆ ಅಂಬರನದಾಗುತ್ತಿತ್ತು.

ಆ ಖಡ್ಕಿಯ ವಿಷಯವನ್ನು ಕೋಲಾರ ಜಿಲ್ಲೆಯ ನಾವು ಗಮನವಿಟ್ಟು ಕೇಳಬೇಕು. ನಿತ್ಯ ಹರಿಯುವ ದೊಡ್ಡ ನದಿಯಿಲ್ಲದ ಒಣಭೂಮಿಯಲ್ಲಿ ಅಂಬರನು 1610ರಲ್ಲಿ ಪಟ್ಟಣ ಕಟ್ಟಲು ನಿಂತನು. ನೀರು ಎಲ್ಲಿಂದ ಬರಬೇಕು? ಬೆಟ್ಟದ ಕಣಿವೆಗಳಲ್ಲಿ ನೆಲದೊಳಗೆ ಹರಿಯುವ ಜಲವನ್ನು ಹುಡುಕಿ, ಅದನ್ನು ಕಲ್ಲುಗಾರೆಯ ಸುರಂಗಗಳಲ್ಲಿ ಹಿಡಿದು, ಪಂಪಿಲ್ಲದೆ ಎಂಜಿನಿಲ್ಲದೆ ಕೇವಲ ಇಳಿಜಾರಿನ ಬಲದಿಂದ ಊರಿನ ತೊಟ್ಟಿಗಳಿಗೆ ಹರಿಸಿದನು. ಅಲ್ಲಲ್ಲಿ ಗಾಳಿಗಂಡಿಗಳನ್ನೂ ಒಳಗಿಳಿದು ಹೂಳೆತ್ತಲು ಬಾಯಿಗಳನ್ನೂ ಬಿಟ್ಟಿದ್ದರು. ನಹರ್-ಎ-ಅಂಬರಿ ಎಂಬ ಈ ಕಾಲುವೆಯು ಶತಮಾನಗಳ ಕಾಲ ಊರಿಗೆ ನೀರುಣಿಸಿತು. ಅದರ ಭಾಗಗಳು ಇಂದಿಗೂ ಉಳಿದಿವೆ. ನನ್ನ ತಾತನವರು ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದೊಳಗೆ ದುಡಿದವರು. ಕತ್ತಲೆಯಲ್ಲಿ ಸುರಂಗ ಹೊಡೆದು ಅದರ ವಾಟವನ್ನು ಕೆಡದಂತೆ ಒಯ್ಯುವುದು ಎಂಥ ಕೆಲಸವೆಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಬೇತಮಂಗಲದ ಕೆರೆಯ ನೀರು ಚಿನ್ನದ ಗಣಿಗೆ ಬಂದುದನ್ನು ಹೆಮ್ಮೆಯಿಂದ ಹೇಳುವ ನಾವು, 2018ರಿಂದ ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬುತ್ತಿರುವುದನ್ನು ಕಂಡ ನಾವು, ನಾಲ್ಕು ಶತಮಾನದ ಹಿಂದಿನ ಆ ಯೋಜನೆಯ ನಕ್ಷೆಯನ್ನಾದರೂ ನೋಡಬಾರದೇ?

ಭೂಮಿಯ ಕಂದಾಯದಲ್ಲಿಯೂ ಆತನು ಹೆಸರು ಉಳಿಸಿದನು. ಹರಾಜಿನಲ್ಲಿ ಕಂದಾಯವನ್ನು ಗುತ್ತಿಗೆ ಹಿಡಿದು ರೈತನನ್ನು ಹಿಂಡುವ ಇಜಾರೆಯ ಪದ್ಧತಿಯನ್ನು ತೆಗೆದುಹಾಕಿ, ಹೊಲದ ಗುಣವನ್ನೂ ಬೆಳೆಯನ್ನೂ ನೋಡಿ ಸಲ್ಲತಕ್ಕದ್ದನ್ನು ಗೊತ್ತುಪಡಿಸಿ, ಪಾಟೀಲ ಕುಲಕರ್ಣಿಗಳ ಗ್ರಾಮವ್ಯವಸ್ಥೆಗೆ ಮತ್ತೆ ಬಲ ಕೊಟ್ಟನು. ಲೆಕ್ಕಪತ್ರದ ಕೆಲಸಕ್ಕೆ ಬ್ರಾಹ್ಮಣರನ್ನಿಟ್ಟನು. ಎಡೆಬಿಡದ ಯುದ್ಧದ ನಡುವೆ ಹೊಲಗಳು ಬೀಳುಬೀಳದೆ ಉಳಿದುದು ಇದರಿಂದ. 1617ರಲ್ಲಿ ಆತನನ್ನು ಕಂಡ ವಾನ್ ಡೆನ್ ಬ್ರೂಕನು, ಎತ್ತರದ ಗಟ್ಟಿಮುಟ್ಟಾದ ಆಳು, ಪ್ರಜೆಗಳಿಗೆ ಪ್ರಿಯನೂ ಭಯಂಕರನೂ ಆದವನು, ಆತನ ಸೀಮೆಯಲ್ಲಿ ಚಿನ್ನ ಹೊತ್ತವನೂ ನಿರ್ಭಯವಾಗಿ ಸಂಚರಿಸಬಹುದು ಎಂಬ ಅರ್ಥದಲ್ಲಿ ಬರೆದಿದ್ದಾನೆ. ಕುಡುಕರ ಗಂಟಲಿಗೆ ಕಾದ ಸೀಸ ಹೊಯ್ಯಿಸುತ್ತಿದ್ದನೆಂದೂ ಅವನೇ ಬರೆದಿದ್ದಾನೆ. ಅದನ್ನು ಓದಿದ ಮೇಲೆ ಪೂರ್ತಿ ಮೆಚ್ಚುವ ಧೈರ್ಯ ಯಾರಿಗೂ ಬಾರದು.

ಮೆಚ್ಚಲಾಗದ ಇನ್ನೊಂದು ಸಂಗತಿಯಿದೆ, ಅದನ್ನು ಮುಚ್ಚಿಡುವುದು ಚರಿತ್ರೆಯ ವಿದ್ಯಾರ್ಥಿಗೆ ಒಪ್ಪುವುದಿಲ್ಲ. 1610ರಲ್ಲಿ ಅಂತಃಪುರದಲ್ಲಿ ಜಗಳವಾಯಿತಂತೆ. ಸುಲ್ತಾನನ ಪಾರಸಿ ಮಡದಿಯು ಅಂಬರನ ಮಗಳನ್ನು ಗುಲಾಮಳೆಂದು ಜರೆದಳು. ಮಾತು ತಂದೆಯ ಕಿವಿಗೆ ಬಿದ್ದಿತು. ಸ್ವಲ್ಪ ಕಾಲದಲ್ಲಿಯೇ ಸುಲ್ತಾನನೂ ಆ ಮಡದಿಯೂ ವಿಷಕ್ಕೆ ಬಲಿಯಾದರು. ವಿಷ ಹಾಕಿಸಿದವನು ಅಂಬರ್. ಸತ್ತವನ ಐದು ವರ್ಷದ ಮಗನನ್ನು ಸಿಂಹಾಸನದ ಮೇಲೆ ಕೂರಿಸಿ ಆಡಳಿತವನ್ನು ಮುಂದುವರಿಸಿದನು. ಮೂವತ್ತೈದು ವರ್ಷ ಸ್ವತಂತ್ರನಾಗಿದ್ದು, ಐವತ್ತು ಸಾವಿರ ಕುದುರೆಗೆ ಒಡೆಯನಾಗಿದ್ದರೂ ಆ ಒಂದು ಶಬ್ದ ಮೋಕಾದ ಸಂತೆಯ ಗಾಯವನ್ನು ಕೆದಕಿರಬೇಕು. ಇದು ಕಾರಣವಾದೀತೇ ಹೊರತು ಕ್ಷಮೆಯಾಗದು.

ಕನ್ನಡಿಗರಿಗೆ ಆತನ ಮೇಲೆ ಬೇರೆಯೊಂದು ಸಿಟ್ಟೂ ಇರಬೇಕು. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು ಸಂಗೀತಪ್ರಿಯ, ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿ ಹಾಡು ಕಟ್ಟಿದವನು, ಜನರಿಂದ ಜಗದ್ಗುರು ಎನ್ನಿಸಿಕೊಂಡವನು. ಮೊದಮೊದಲು ಆತನಿಗೂ ಅಂಬರನಿಗೂ ಮೈತ್ರಿಯಿತ್ತು, ವಿಜಾಪುರದ ಸರದಾರನೊಬ್ಬನ ಮಗಳನ್ನು ಅಂಬರನು ಸೊಸೆಯಾಗಿ ತಂದಿದ್ದನು. ಮುಂದೆ ವಿಜಾಪುರವು ಮೊಗಲರ ಪಕ್ಷ ವಹಿಸಿತು. 1624ರಲ್ಲಿ ಎರಡೂ ಸೈನ್ಯಗಳು ಸೇರಿ ಅಂಬರನನ್ನು ಅಟ್ಟಿಕೊಂಡು ಬಂದುವು. ಅಹಮದನಗರದ ಬಳಿಯ ಭಾತವಡಿ ಎಂಬ ಹಳ್ಳಿಯ ಹತ್ತಿರ ಅವು ಬೀಡುಬಿಟ್ಟವು. ಅಲ್ಲೊಂದು ಕೆರೆಯಿತ್ತು. ಅಂಬರನು ಕೆರೆಯ ಕಟ್ಟೆಯನ್ನು ಒಡೆಯಿಸಿದನು. ಒಡೆದ ಕೆರೆಯ ಕೆಳಗೆ ಏನಾಗುತ್ತದೆಂದು ಕೆರೆಗಳ ಜಿಲ್ಲೆಯವರಾದ ನಾವು ಬಲ್ಲೆವು: ಕೆಸರಿನಲ್ಲಿ ಆನೆ ಕದಲದು, ಫಿರಂಗಿ ಉರುಳದು, ಮದ್ದು ತೊಯ್ದು ಹೋಗುತ್ತದೆ. ಹೊರಗಿನಿಂದ ಧಾನ್ಯ ಬರುವ ದಾರಿಯನ್ನೂ ಕಟ್ಟಿದನು. ಹಸಿದು ನೆನೆದ ಪಾಳೆಯದ ಮೇಲೆ ಕೊನೆಗೆ ಬಿದ್ದಾಗ ವಿಜಾಪುರದ ಸೇನಾಪತಿ ಮುಲ್ಲಾ ಮಹಮ್ಮದ್ ಲಾರಿ ಹತನಾದನು, ಮೊಗಲ ಸರದಾರರು ಹಲವರು ಸೆರೆಸಿಕ್ಕರು. ಎಪ್ಪತ್ತಾರು ವರ್ಷದ ಮುದುಕನು ಅಲ್ಲಿಗೂ ನಿಲ್ಲದೆ ವಿಜಾಪುರದ ಕೋಟೆಗೆ ಮುತ್ತಿಗೆ ಹಾಕಿ, ಇಬ್ರಾಹಿಮನು ಸಂಗೀತಕ್ಕಾಗಿಯೇ ಕಟ್ಟಿಸಿದ ನೌರಸಪುರವನ್ನು ಸುಟ್ಟು ಸೂರೆಮಾಡಿದನು. ತೊರವಿಯ ಬಳಿ ಅದರ ಮುರುಕು ಗೋಡೆಗಳು ಈಗಲೂ ನಿಂತಿವೆ. ಆತನ ಪರವಾಗಿ ಏನು ಹೇಳಿದರೂ ಈ ಒಂದು ಕೆಲಸಕ್ಕೆ ನನ್ನಲ್ಲಿ ಸಮಾಧಾನವಿಲ್ಲ.

ಭಾತವಡಿಯಲ್ಲಿ ಅಂಬರನ ಕಡೆ ಕಾದಿದ ಮರಾಠಾ ವೀರರಲ್ಲಿ ಭೋಸಲೆ ಮನೆತನದ ಅಣ್ಣತಮ್ಮಂದಿರಿದ್ದರು. ತಮ್ಮ ಶರೀಫಜಿ ಅಲ್ಲಿಯೇ ಮಡಿದನು. ಅಣ್ಣನ ಹೆಸರು ಷಹಾಜಿ. ಶಿವಾಜಿಯ ಆಸ್ಥಾನದ ಕವಿ ಪರಮಾನಂದನು ಸಂಸ್ಕೃತದಲ್ಲಿ ರಚಿಸಿದ ಶಿವಭಾರತದಲ್ಲಿ ಈ ಯುದ್ಧವೂ ಅಂಬರನ ಪರಾಕ್ರಮವೂ ವರ್ಣಿತವಾಗಿವೆ.

1626ರಲ್ಲಿ, ಎಪ್ಪತ್ತೆಂಟರ ಪ್ರಾಯದಲ್ಲಿ, ಅಂಬರನು ಸ್ವಾಭಾವಿಕವಾಗಿ ಮರಣಹೊಂದಿದನು. ಶತ್ರುಪಕ್ಷದ ಇತಿಹಾಸಕಾರನಾದ ಮುತಮದ್ ಖಾನನೇ ಆಗ, ಯುದ್ಧದಲ್ಲಿ ಆಡಳಿತದಲ್ಲಿ ವಿವೇಕದಲ್ಲಿ ಆತನಿಗೆ ಸಮಾನರಿರಲಿಲ್ಲವೆಂಬ ಭಾವ ಬರುವಂತೆ ಬರೆದನು. ಖುಲ್ದಾಬಾದಿನಲ್ಲಿ ಗುಮ್ಮಟದ ಕೆಳಗೆ ಆತನ ಸಮಾಧಿಯಿದೆ, ಮಡದಿಯದೂ ಸಮೀಪದಲ್ಲಿಯೇ. ಅಲ್ಲಿಂದ ಎಲ್ಲೋರದ ಕೈಲಾಸ ಅನತಿದೂರ. ಇಡೀ ದಖ್ಖನ್ನನ್ನು ಗೆದ್ದೆನೆಂದುಕೊಂಡ ಔರಂಗಜೇಬನೂ ಅದೇ ಊರಿನಲ್ಲಿ ಮಲಗಿದ್ದಾನೆ. ಅಂಬರನ ಮಗ ಫತೇಖಾನನಿಗೆ ತಂದೆಯ ಗುಣ ಬರಲಿಲ್ಲ. 1633ರಲ್ಲಿ ದೌಲತಾಬಾದು ಮೊಗಲರ ಪಾಲಾಯಿತು. ಖಡ್ಕಿಯು ಫತೇನಗರವಾಗಿ, ಔರಂಗಾಬಾದಾಗಿ, 2023ರಿಂದ ಛತ್ರಪತಿ ಸಂಭಾಜಿನಗರವಾಗಿದೆ. ಕಟ್ಟಿದವನ ಹೆಸರು ಅದಕ್ಕೆ ಎಂದೂ ಬರಲಿಲ್ಲ.

ಷಹಾಜಿಯು ಮಾತ್ರ ಕಲಿತದ್ದನ್ನು ಮರೆಯಲಿಲ್ಲ. ಅಂಬರನೊಡನೆ ಆತನಿಗೆ ಕೊನೆಯಲ್ಲಿ ಮನಸ್ತಾಪವಾಗಿದ್ದುದು ನಿಜ. ಆದರೂ ನಿಜಾಮಶಾಹಿ ಕುಸಿದಾಗ ಆತನು ಮಾಡಿದ್ದು ಅಂಬರನು ಮಾಡಿದ್ದನ್ನೇ: ರಾಜವಂಶದ ಬಾಲಕನೊಬ್ಬನನ್ನು ಪಟ್ಟದಲ್ಲಿ ಕೂರಿಸಿ, ಬೆಟ್ಟದ ಕೋಟೆಗಳನ್ನು ಆಸರೆ ಮಾಡಿಕೊಂಡು 1636ರ ವರೆಗೆ ಮೊಗಲರೊಡನೆ ಸೆಣಸಿದನು. ಅದೂ ಮುಗಿದ ಮೇಲೆ ವಿಜಾಪುರದ ಸೇವೆಗೆ ಸೇರಿ ರಣದುಲ್ಲಾ ಖಾನನೊಡನೆ ದಕ್ಷಿಣಕ್ಕೆ ಬಂದನು. 1638ರಲ್ಲಿ ಬೆಂಗಳೂರು ಕೆಂಪೇಗೌಡನ ಕೈತಪ್ಪಿತು. ಬೆಂಗಳೂರು, ಹೊಸಕೋಟೆ, ದೊಡ್ಡಬಳ್ಳಾಪುರ, ಶಿರಾಗಳೊಡನೆ ನಮ್ಮ ಕೋಲಾರವೂ ಷಹಾಜಿಯ ಜಹಗೀರಿಗೆ ಸೇರಿತು. ಹೀಗೆ ಹರಾರಿನ ಕಡೆಯ ಬೆಟ್ಟಗಳಿಂದ ಹೊರಟ ಎಳೆಯೊಂದು ಅಂಬರನ ಪಾಳೆಯದಲ್ಲಿ ತಿರುಗಿ ನಮ್ಮ ಊರಿನ ಬಾಗಿಲಿಗೆ ಬಂದು ಮುಟ್ಟಿದೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಹಗುರ ಕುದುರೆಯಿಂದ ಭಾರಿ ಸೈನ್ಯವನ್ನು ಕಂಗೆಡಿಸುವ ವಿದ್ಯೆ ಈ ದಖ್ಖನ್ನಿನಲ್ಲಿ ಹೈದರನಿಗಿಂತ ನೂರೈವತ್ತು ವರ್ಷ ಹಿಂದೆ ಯಾರ ಕೈಯಲ್ಲಿ ಹದಗೊಂಡಿತೆಂಬುದನ್ನೂ ಜೊತೆಗೆ ನೆನೆಯಬಹುದು.

ಚಿನ್ನದ ಗಣಿಯ ಊರಿಗೆ ಆಫ್ರಿಕದೊಡನೆ ಇನ್ನೂ ಒಂದು ನಂಟಿದೆ. 1860ರಲ್ಲಿ ಮದರಾಸಿನಿಂದ ಟ್ರೂರೋ ಎಂಬ ಹಡಗು ಕೂಲಿಕಾರರನ್ನು ತುಂಬಿಕೊಂಡು ದಕ್ಷಿಣ ಆಫ್ರಿಕದ ನೇಟಾಲಿಗೆ ಹೋಯಿತು. ಅನಂತರ ಎಷ್ಟೋ ಹಡಗುಗಳು ಹೋದುವು. ಅವುಗಳಲ್ಲಿ ಹೋದವರಲ್ಲಿ ಉತ್ತರ ಆರ್ಕಾಟಿನ ಹಳ್ಳಿಗಳವರು ಬಹಳ ಮಂದಿ. ಇಪ್ಪತ್ತು ವರ್ಷದ ತರುವಾಯ ಜಾನ್ ಟೇಲರ್ ಕಂಪೆನಿಯು ಇಲ್ಲಿ ಗಣಿ ತೋಡಲು ತೊಡಗಿದಾಗ ಅದೇ ಹಳ್ಳಿಗಳವರು ಇತ್ತ ಬಂದರು. ಒಂದೇ ಬೀದಿಯ ಒಂದು ಮನೆಯವರು ಹಡಗು ಹತ್ತಿದರು, ಪಕ್ಕದ ಮನೆಯವರು ಗಣಿಯ ಪಂಜರ ಹತ್ತಿದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೂ ನಮ್ಮವರು ಆಳದ ಮಾತು ಬಂದಾಗ ಹೋಲಿಸುತ್ತಿದ್ದುದು ದಕ್ಷಿಣ ಆಫ್ರಿಕದ ಗಣಿಗಳೊಡನೆಯೇ.

ಇಷ್ಟೆಲ್ಲ ಇದ್ದೂ ಶಾಲೆಯ ಪಾಠದಲ್ಲಿ ಆ ಖಂಡಕ್ಕೆ ಸ್ಥಳವಿಲ್ಲವೆಂಬುದು ನನ್ನ ದೂರು. ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡು, ಅಂಕೋಲೆಯ ಕಾಡುಗಳಲ್ಲಿ ಸಿದ್ದಿಯರಿದ್ದಾರೆ. ಬಹುಪಾಲು ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟ ಸೇರಿದವರ ಸಂತತಿ ಅವರು. ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರ ಮನೆಗಳೂ ಅವರಲ್ಲಿವೆ. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ದಮಾಮಿಯ ತಾಳ ಮಾತ್ರ ಎಲ್ಲರದೂ ಒಂದೇ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣ ಹೊಂದಿದರು. ಆ ಕಾಡಿನ ಶಾಲೆಯ ಏಳನೆಯ ತರಗತಿಯಲ್ಲಿ ಕುಳಿತ ಹುಡುಗಿಗೆ ಚರಿತ್ರೆಯ ಪುಸ್ತಕದಲ್ಲಿ ತನ್ನವರು ಎಲ್ಲಿಯೂ ಕಾಣುವುದಿಲ್ಲ. ಬಸ್ಸಿನಲ್ಲಿ ಆಕೆಯನ್ನು ಪರದೇಶದವಳೆಂದು ತಿಳಿದು ಇಂಗ್ಲಿಷಿನಲ್ಲಿ ಮಾತನಾಡಿಸುವ ನಮ್ಮಂಥವರು ಓದಿದ್ದೂ ಅದೇ ಪುಸ್ತಕವನ್ನು.

ಸಾಮಗ್ರಿಯ ಅಭಾವವೆಂದು ಯಾರೂ ಹೇಳುವಂತಿಲ್ಲ. ಯುನೆಸ್ಕೋ ಸಂಸ್ಥೆಯು 1964ರಲ್ಲಿಯೇ ಆರಂಭಿಸಿ, ಆಫ್ರಿಕದ ವಿದ್ವಾಂಸರೇ ಮುಂದಾಳಾಗಿ ಬರೆದ ಆಫ್ರಿಕದ ಇತಿಹಾಸವನ್ನು ಎಂಟು ಸಂಪುಟಗಳಲ್ಲಿ ಹೊರತಂದಿದೆ. ನಾನು ಕೇಳುವುದು ಎಂಟು ಸಂಪುಟವನ್ನಲ್ಲ. ಏಳನೆಯ ತರಗತಿಯಲ್ಲಿ ನಾಲ್ಕು ಪುಟದ ಒಂದು ಪಾಠ. ಆಕ್ಸುಮಿನ ನಾಣ್ಯ, ಲಾಲಿಬೆಲಾದ ಇಗರ್ಜಿ, 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟು ದಾರಿಯುದ್ದಕ್ಕೂ ಚಿನ್ನ ಚೆಲ್ಲಿದ ಮಾಲಿಯ ಅರಸ ಮಾನ್ಸಾ ಮೂಸಾ, 1896ರಲ್ಲಿ ಅಡೋವಾದಲ್ಲಿ ಇಟಲಿಯ ಸೈನ್ಯವನ್ನು ಸೋಲಿಸಿದ ಇಥಿಯೋಪಿಯನ್ನರು ಇವರಿಗೆ ಒಂದೊಂದು ಕಂಡಿಕೆ. ಅಂಬರನಿಗೆ ಎರಡು ಪುಟ, ವಿಷದ ಸಂಗತಿಯನ್ನೂ ನೌರಸಪುರವನ್ನೂ ಬಿಡದೆ. ಪಾಠದ ಕೊನೆಗೆ ಒಂದು ನಕ್ಷೆ. ಅದರಲ್ಲಿ ಹರಾರ್, ಮೋಕಾ, ಬಾಗ್ದಾದ್, ಅಹಮದನಗರ, ಖಡ್ಕಿ, ಭಾತವಡಿ, ವಿಜಾಪುರಗಳನ್ನು ಗುರುತಿಸಿ ಗೆರೆ ಎಳೆಯಬೇಕು. ಗೆರೆಯನ್ನು ಅಲ್ಲಿಗೆ ನಿಲ್ಲಿಸದೆ ಬೆಂಗಳೂರು, ಕೋಲಾರದ ವರೆಗೂ ತರಬೇಕು. ಯಲ್ಲಾಪುರಕ್ಕೆ ಗೋವೆಯಿಂದ ಬೇರೆಯೊಂದು ಗೆರೆ ಬೇಕಾಗುತ್ತದೆ.